ಮಗಳು ‘ಆರಾಮ ಅದೀನಿ’ ಅಂದಾಗ ನಾನು ನಂಬಲಿಲ್ಲ

ನನ್ನ ಅಳತೆ ಪುಸ್ತಕದಲ್ಲಿ ಆಗಸ್ಟ್ ತಿಂಗಳ ಪುಟಗಳು ಬೇರೆ ಥರ ಇವೆ. ಎಡಗಡೆ ಗಿರಾಕಿಗಳ ಬ್ಲೌಸಿನ ಅಳತೆ. ಎದೆ 36, ಸೊಂಟ 32, ತೋಳು 10. ಬಲಗಡೆ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸಣ್ಣ ಅಂಕಿಗಳು. 6, 5, 5, 3, 4, 3. ಅವು ನನ್ನ ಮಗಳ ತಲೆನೋವಿನ ಲೆಕ್ಕ. ಹತ್ತಕ್ಕೆ ಎಷ್ಟು ಅಂತ ದಿನಾ ಬೆಳಿಗ್ಗೆ, ಸಂಜೆ ಕೇಳಿ ಬರೆದದ್ದು.

ನಾನು ವಿಜಯಪುರದಲ್ಲಿ ಮನೆಯಲ್ಲೇ ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮನೆಯವರದ್ದು ತಿಕೋಟಾ ಕಡೆ ದ್ರಾಕ್ಷಿ ತೋಟ. ಮಗಳಿಗೆ ಹದಿಮೂರು, ಎಂಟನೇ ಕ್ಲಾಸು. ಮೂರು ವರ್ಷದಿಂದ ಕಬಡ್ಡಿ ಆಡುತ್ತಾಳೆ. ಅವಳು ಎಡ ಮೂಲೆಯ ಆಟಗಾರ್ತಿ. ರೈಡರ್ ಹಿಂದೆ ತಿರುಗಿದ ತಕ್ಷಣ ಕೆಳಗೆ ಬಿದ್ದು ಪಾದ ಹಿಡಿಯುವುದು ಅವಳ ಕೆಲಸ.

ತಾಲೂಕು ಮಟ್ಟದ ಪಂದ್ಯದ ದಿನ ಹಾಗೆ ಪಾದ ಹಿಡಿಯಲು ಹೋದಾಗಲೇ ಎದುರಿನ ಹುಡುಗಿಯ ಮೊಣಕಾಲು ಇವಳ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ನಾನು ಅಲ್ಲಿರಲಿಲ್ಲ. ಜೊತೆಗಿದ್ದ ಹುಡುಗಿಯರು ಆಮೇಲೆ ಹೇಳಿದ್ದು. ಎರಡು ಕ್ಷಣ ಮಣ್ಣಲ್ಲೇ ಕೂತಿದ್ದಳಂತೆ. ಕಬಡ್ಡಿ ಕಲಿಸುವ ಸರ್ ಬಂದು ನೀರು ಕೊಟ್ಟರಂತೆ. "ಆರಾಮ ಅದಿಯೇನವಾ?" ಅಂತ ಕೇಳಿದರಂತೆ. "ಹೂಂ ಸರ್, ಆರಾಮ ಅದೀನಿ" ಅಂದಳಂತೆ. ಎದ್ದು ಪಂದ್ಯ ಮುಗಿಯುವವರೆಗೆ ಆಡಿದಳು. ಹೊರಗೆ ಬದಲಿ ಆಟಗಾರ್ತಿಯರು ಐದು ಜನ ಕೂತಿದ್ದರು. ಅವರಲ್ಲಿ ಒಬ್ಬಳನ್ನು ಒಳಗೆ ಕಳಿಸುವುದು ಒಂದು ನಿಮಿಷದ ಮಾತಾಗಿತ್ತು.

ಸಂಜೆ ಜಡೆ ಬಿಚ್ಚಿ ಎಣ್ಣೆ ಹಚ್ಚಲು ಕೂಡಿಸಿಕೊಂಡೆ. ಬಾಚಣಿಗೆ ಕಿವಿ ಹತ್ತಿರ ಬಂದಾಗ "ಸ್ಸ್" ಅಂದಳು. ಬೆರಳಿಟ್ಟು ನೋಡಿದರೆ ನಿಂಬೆಹಣ್ಣಿನಷ್ಟು ಬುಗುಟಿ. ನನ್ನ ಎದೆ ಧಸಕ್ ಅಂದಿತು, ಆದರೆ ಹೆದರಿಸಿದ್ದು ಬುಗುಟಿ ಅಲ್ಲ. ಕಿಟಕಿಯಿಂದ ಇಳಿಬಿಸಿಲು ಬರುತ್ತಿತ್ತು. ಅವಳು ಮುಖ ತಿರುಗಿಸಿ ನನ್ನ ಸೀರೆಯ ಸೆರಗನ್ನು ಕಣ್ಣಿನ ಮೇಲೆ ಎಳೆದುಕೊಂಡಳು. "ಅವ್ವಾ, ನಾವ್ ಗೆದ್ದಿವೇನ?" ಅಂತ ಕೇಳಿದಳು. "ಗೆದ್ದೀರಿ, ಆಗಲೇ ನೀನ ಹೇಳಿದೆಲ್ಲ" ಅಂದೆ. ಐದು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ. ಅದೇ ಧ್ವನಿ.

ಎಂಟು ಗಂಟೆಗೆ ಒಮ್ಮೆ ವಾಂತಿ ಆಯಿತು. ಆಟೋ ಬರುವುದರೊಳಗೆ ಇನ್ನೊಮ್ಮೆ. ಆಸ್ಪತ್ರೆಗೆ ಓಡಿದೆವು.

ಪೆಟ್ಟು ಬಿದ್ದ ಮಗುವಿಗೆ ಪದೇ ಪದೇ ವಾಂತಿ ಆದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಕೈಕಾಲಿನಲ್ಲಿ ಶಕ್ತಿ ಇಲ್ಲದಂತಾದರೆ, ಎರಡೆರಡು ಕಂಡರೆ, ಕುತ್ತಿಗೆ ಜೋರಾಗಿ ನೋಯುತ್ತಿದ್ದರೆ, ಮೂಗು ಅಥವಾ ಕಿವಿಯಿಂದ ನೀರಿನಂಥದ್ದು ಇಳಿದರೆ ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕ ಗಾಡಿ ಹತ್ತಿ. ಇಷ್ಟು ಮೊದಲು ಹೇಳಿ ಮುಂದೆ ಹೋಗುತ್ತೇನೆ.

ವಾಂತಿ ಆಗಿದ್ದರಿಂದ ಡಾಕ್ಟರು ಸಿಟಿ ಸ್ಕ್ಯಾನ್ ಮಾಡಿಸಿದರು. ನಾರ್ಮಲ್ ಬಂತು. ನಮ್ಮನೆಯವರು ಕೈ ಮುಗಿದು "ಸಿದ್ಧೇಶ್ವರ ಕಾಯ್ದ" ಅಂದರು. ಮರುಕ್ಷಣ, "ಹಂಗಾದ್ರ ನಾಡಿದ್ದು ಪ್ರಾಕ್ಟೀಸಿಗೆ ಹೋಗ್ಲೇನ್ರಿ?" ಅಂತ ಕೇಳಿದರು. ಅವರದ್ದೂ ತಪ್ಪಲ್ಲ. ಸ್ಕ್ಯಾನ್ ನಾರ್ಮಲ್ ಅಂದಮೇಲೆ ಎಲ್ಲ ಸರಿ ಅಂತಲೇ ಅಲ್ವಾ ನಾವು ತಿಳಿಯುವುದು?

ಡಾಕ್ಟರು ಕುರ್ಚಿ ಎಳೆದುಕೊಂಡು ಕೂತರು. ಸ್ಕ್ಯಾನ್‌ನಲ್ಲಿ ಕಾಣುವುದು ರಕ್ತಸ್ರಾವ, ಮೂಳೆ ಮುರಿತ. ನಿಮ್ಮ ಮಗಳಿಗೆ ಅವೆರಡೂ ಇಲ್ಲ. ಆದರೆ ಆಗಿರುವುದು ಕನ್ಕಶನ್, ಅದು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ ಅಂದರು. ಪೆಟ್ಟಿಗೆ ಮೆದುಳು ಒಳಗೇ ಜೋರಾಗಿ ಅಲುಗಾಡಿರುತ್ತದೆ. ಅದರ ಜೀವಕೋಶಗಳಲ್ಲಿ ಲವಣಗಳ ಹೊಂದಿಕೆ ತಪ್ಪಿರುತ್ತದೆ. ಅದನ್ನು ಸರಿಮಾಡಿಕೊಳ್ಳಲು ಮೆದುಳಿಗೆ ಜಾಸ್ತಿ ಶಕ್ತಿ ಬೇಕು, ಆದರೆ ಅದೇ ಹೊತ್ತಿನಲ್ಲಿ ರಕ್ತದ ಪೂರೈಕೆ ಕಡಿಮೆ ಇರುತ್ತದೆ. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ. ಹೆಚ್ಚಿನವರಿಗೆ ತಪ್ಪುವುದೇ ಇಲ್ಲ.

ಆಮೇಲೆ ನಮ್ಮನೆಯವರನ್ನು ನೋಡಿ, "ತೋಟಕ್ಕ ಬೋರ್ ಐತೇನ್ರಿ? ಲೋ ವೋಲ್ಟೇಜ್ ಇದ್ದಾಗ ಮೋಟರ್ ಚಾಲೂ ಮಾಡ್ತೀರೇನು?" ಅಂತ ಕೇಳಿದರು.

"ಇಲ್ರೀ, ಕಾಯಿಲ್ ಸುಡತೈತಿ."

"ಹಂಗ ನೋಡ್ರಿ ಇದು."

ಆಮೇಲೆ ನಮ್ಮನೆಯವರು ಪ್ರಾಕ್ಟೀಸಿನ ಮಾತು ಎತ್ತಲಿಲ್ಲ. ಕೆಲವು ತಾಸು ಅಲ್ಲೇ ಇಟ್ಟುಕೊಂಡು ನೋಡಿ, ರಾತ್ರಿಯೇ ಮನೆಗೆ ಕಳಿಸಿದರು.

ಮನೆಯಲ್ಲಿ ನಮ್ಮ ಅತ್ತೆ ಬಾಗಿಲಲ್ಲೇ ನಿಂತಿದ್ದರು. "ತಲಿಗೆ ಪೆಟ್ಟ ಬಿದ್ದೈತಿ, ಮಕ್ಕೊಳ್ಳಾಕ ಬಿಡಬ್ಯಾಡ" ಅಂದರು. ನಾವೆಲ್ಲ ಕೇಳಿಕೊಂಡೇ ಬೆಳೆದ ಮಾತು ಅದು. ಡಾಕ್ಟರು ನೋಡಿ ಕಳಿಸಿದ ಮೇಲೆ ಮಲಗಬಹುದು, ನಿದ್ದೆ ಬೇಕೇ ಬೇಕು ಅಂತ ಅವರಿಗೆ ತಿಳಿಸಿ ಹೇಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅತ್ತೆ ಒಪ್ಪಿದರು, ಆದರೆ ರಾತ್ರಿಯಿಡೀ ಮೊಮ್ಮಗಳ ಪಕ್ಕದಲ್ಲೇ ಕೂತಿದ್ದರು.

ಮೊದಲ ಎರಡು ದಿನ ವಿಶ್ರಾಂತಿ. ಕತ್ತಲೆ ಕೋಣೆಯಲ್ಲಿ ಹಾಕಿ ಬಾಗಿಲು ಮುಚ್ಚುವ ವಿಶ್ರಾಂತಿ ಅಲ್ಲ. ಮೊದಲು ಹಾಗೆ ಹೇಳುತ್ತಿದ್ದರಂತೆ, ಈಗ ಹೇಳುವುದಿಲ್ಲ. ಮನೆಯೊಳಗೆ ಓಡಾಡಬಹುದು, ಅಂಗಳದಲ್ಲಿ ಕೂರಬಹುದು. ಮೊಬೈಲು, ಟಿವಿ ಆದಷ್ಟು ಕಡಿಮೆ. ನೋವಿಗೆ ಬರೆದುಕೊಟ್ಟ ಪ್ಯಾರಾಸಿಟಮಾಲ್ ಬಿಟ್ಟರೆ ಬೇರೆ ಮಾತ್ರೆ ಇಲ್ಲ. ಮೂರನೇ ದಿನದಿಂದ ಮೆಲ್ಲಗೆ ನಡೆದಾಡುವುದು. ಹೀಗೆ ಬೇಗ ಸ್ವಲ್ಪ ಸ್ವಲ್ಪ ಓಡಾಡಿದರೆ ಚೇತರಿಕೆಯೂ ಚೆನ್ನಾಗಿ ಆಗುತ್ತದೆ ಅಂತ ಡಾಕ್ಟರು ಹೇಳಿದರು.

ಅವರು ಹೇಳಿದ ಇನ್ನೊಂದು ಮಾತನ್ನು ನಾನು ಪುಸ್ತಕದಲ್ಲಿ ಬರೆದು ಕೆಳಗೆ ಗೆರೆ ಎಳೆದಿದ್ದೇನೆ. ಮೊದಲು ಸಾಲಿ, ಆಮೇಲೆ ಆಟ. ಇಡೀ ದಿನ ಶಾಲೆಯಲ್ಲಿ ಕೂತು, ಬೋರ್ಡ್ ನೋಡಿ ಬರೆದು, ಗದ್ದಲ ತಡೆದುಕೊಂಡು ಬರಲು ಆಗದ ಮಗು ಕಬಡ್ಡಿ ಅಂಕಣಕ್ಕೆ ಇಳಿಯುವ ಮಾತೇ ಇಲ್ಲ. ಇವಳು ನಾಲ್ಕನೇ ದಿನ ಅರ್ಧ ದಿನಕ್ಕೆ ಹೋದಳು. ಕ್ಲಾಸ್ ಟೀಚರ್ ಬಹಳ ಸಹಾಯ ಮಾಡಿದರು. ಕಿಟಕಿಯಿಂದ ದೂರ ಕೂಡಿಸಿದರು, ನೋಟ್ಸ್ ಫೋಟೋ ತೆಗೆದು ನನಗೆ ಕಳಿಸಿದರು, ಕಿರುಪರೀಕ್ಷೆ ಮುಂದಕ್ಕೆ ಹಾಕಿದರು. ಇಡೀ ದಿನ ಹೋಗಲು ಹತ್ತನೇ ದಿನ ಬಂತು.

ಈ ಬರಹ ಬರೆಯುವಂತೆ ಮಾಡಿದ್ದು ಐದನೇ ದಿನದ ಒಂದು ಸಂಗತಿ.

ಅವತ್ತು ಭಾನುವಾರ. ಜಮಖಂಡಿಯಿಂದ ನನ್ನ ತಮ್ಮ, ಅವನ ಹೆಂಡತಿ, ಮಕ್ಕಳು ಬಂದಿದ್ದರು. ಬೆಳಿಗ್ಗೆ "ಎಷ್ಟು?" ಅಂತ ಕೇಳಿದರೆ ಮಗಳು "ಸೊನ್ನೆ" ಅಂದಳು. ಮುಖ ನಗುತ್ತಿತ್ತು. ನಾನು ಖುಷಿಯಿಂದ ಸೊನ್ನೆ ಬರೆದೆ. ಸಣ್ಣವರು ಹಟ ಮಾಡಿದರು ಅಂತ ಎಲ್ಲರೂ ಗೋಳಗುಮ್ಮಟಕ್ಕೆ ಹೋದೆವು. ಇವಳು ಮೆಟ್ಟಿಲು ಹತ್ತುವುದು ಬೇಡ, ನಾವಿಬ್ಬರೂ ಕೆಳಗೇ ಇರೋಣ ಅಂತ ಗುಮ್ಮಟದ ಕೆಳಗೆ ಕಟ್ಟೆಯ ಹತ್ತಿರ ನಿಂತೆವು. ಗುಮ್ಮಟದಲ್ಲಿ ಕೂಗಿದರೆ ಏನಾಗುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಮೇಲೆ ಯಾರೋ ಹುಡುಗರು "ಓ" ಅಂದರು. ಚಪ್ಪಾಳೆ ತಟ್ಟಿದರು. ಅದು ಒಂದಕ್ಕೆ ಏಳಾಗಿ ಕೆಳಗೆ ಬಿತ್ತು.

ಮಗಳು ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಕೆಳಗೆ ಕೂತುಬಿಟ್ಟಳು. ಕಣ್ಣು ಬಿಗಿಯಾಗಿ ಮುಚ್ಚಿದ್ದಳು. ತುಟಿ ಬಿಳಚಿಕೊಂಡಿತ್ತು. ಹೊರಗೆ ಹುಲ್ಲಿನ ಮೇಲೆ ಕರೆತಂದು ಕೂಡಿಸಿ ಕೇಳಿದೆ. "ಯವ್ವಾ, ಖರೇ ಹೇಳು. ಎಷ್ಟೈತಿ?"

ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ "ಐದು" ಅಂದಳು. "ಮುಂಜಾನೆ?" ಅಂದೆ. "ಮೂರು ಇತ್ತು. ಹೇಳಿದ್ರ ಜಿಲ್ಲಾ ಮಟ್ಟಕ್ಕ ಕಳಸಂಗಿಲ್ಲಂತ ಹೇಳಲಿಲ್ಲ."

ಅಲ್ಲಿಗೆ ನನಗೆ ಗೊತ್ತಾಯಿತು. ಆಟ ಪ್ರೀತಿಸುವ ಮಗುವಿಗೆ "ಆರಾಮ ಅದಿಯೇನ?" ಅನ್ನುವುದು ಪ್ರಶ್ನೆಯೇ ಅಲ್ಲ. ಅದರ ಉತ್ತರ ಮೊದಲೇ ತಯಾರಿರುತ್ತದೆ. ಅವತ್ತಿನಿಂದ ಕೇಳುವುದನ್ನು ಬದಲಾಯಿಸಿದೆ. ಇವತ್ತು ಗಣಿತದ ಕ್ಲಾಸಿನಲ್ಲಿ ಎಷ್ಟು ಲೆಕ್ಕ ಮುಗಿಸಿದೆ? ಬೋರ್ಡ್ ನೋಡಿ ಪುಸ್ತಕ ನೋಡುವಾಗ ಅಕ್ಷರ ಓಡಾಡಿದವಾ? ಊಟದ ಬಿಡುವಿನಲ್ಲಿ ಎಲ್ಲಿ ಕೂತಿದ್ದೆ? ಬಾಯಿಂದ ಬರುವ ಉತ್ತರಕ್ಕಿಂತ ಕಣ್ಣಿಗೆ ಕಾಣುವುದನ್ನು ಬರೆದುಕೊಳ್ಳಲು ಶುರುಮಾಡಿದೆ. ಹಾಲು ಪೂರ್ತಿ ಕುಡಿದಳಾ, ತಮ್ಮನ ಮೇಲೆ ಸುಮ್ನೆ ರೇಗಿದಳಾ, ಹೊಲಿಗೆ ಮಷೀನಿನ ಸದ್ದಿಗೆ ಎದ್ದು ಹೋದಳಾ ಅಂತ. ಮತ್ತೆ ಅವಳಿಗೆ ಒಂದು ಮಾತು ಕೊಟ್ಟೆ. ಖರೇ ಅಂಕಿ ಹೇಳಿದರೆ ಬೈಯುವುದಿಲ್ಲ, ಹೆದರಿಸುವುದಿಲ್ಲ ಅಂತ.

ಅವತ್ತು ನನ್ನ ತಮ್ಮ ಕ್ರಿಕೆಟ್ಟಿನ ಒಂದು ಸಂಗತಿ ಹೇಳಿದ. ಅದು ಮಗಳ ತಲೆಗೆ ನನ್ನ ಹತ್ತು ಮಾತಿಗಿಂತ ಚೆನ್ನಾಗಿ ಹೋಯಿತು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಜೋಫ್ರಾ ಆರ್ಚರ್ ಎಸೆದ ಚೆಂಡು ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಸ್ಮಿತ್ ಹೊರಗೆ ಹೋಗಿ, ಪರೀಕ್ಷೆ ಮಾಡಿಸಿಕೊಂಡು, ಮತ್ತೆ ಬಂದು 92ರವರೆಗೆ ಆಡಿದ. ತೊಂದರೆ ಕಾಣಿಸಿದ್ದು ಮರುದಿನ ಬೆಳಿಗ್ಗೆ. ಆ ಟೆಸ್ಟ್‌ನಿಂದ ಹೊರಗೆ ಉಳಿದ, ಮುಂದಿನ ಟೆಸ್ಟ್ ಕೂಡ ಬಿಟ್ಟ. ಅವನ ಜಾಗಕ್ಕೆ ಬಂದ ಲಬುಶೇನ್ ಟೆಸ್ಟ್ ಕ್ರಿಕೆಟ್ಟಿನ ಮೊದಲ ಕನ್ಕಶನ್ ಬದಲಿ ಆಟಗಾರ. ನಾಲ್ಕನೇ ಟೆಸ್ಟ್‌ಗೆ ವಾಪಸ್ ಬಂದ ಸ್ಮಿತ್ 211 ಹೊಡೆದ. "ನಮ್ಮ ಜಡೇಜಾನೂ 2020ರಾಗ ಕ್ಯಾನ್‌ಬೆರಾದಾಗ ಹೊರಗ ಕೂತ, ಚಹಲ್ ಬಂದು ಮೂರು ವಿಕೆಟ್ ತಗೊಂಡ" ಅಂದ ತಮ್ಮ. "ಮಾವಾ, ಸ್ಮಿತ್‌ಗ ವಾಪಸ್ ಬಂದಮ್ಯಾಲ ಆಟ ಮರತಿರಲಿಲ್ಲೇನ?" ಅಂತ ಇವಳು ಕೇಳಿದಳು. ಅವಳ ಹೆದರಿಕೆ ಅದೇ ಆಗಿತ್ತು ಅಂತ ಕಾಣುತ್ತದೆ.

ಎರಡನೇ ಪೆಟ್ಟಿನ ವಿಷಯ ಮಾತ್ರ ಅವಳ ಎದುರು ಹೇಳಲಿಲ್ಲ. ಮೊದಲ ಪೆಟ್ಟು ಮಾಯುವ ಮುಂಚೆ ಮತ್ತೊಂದು ಬಿದ್ದರೆ ಚೇತರಿಕೆ ಬಹಳ ಉದ್ದ ಆಗುತ್ತದೆ. ತೀರಾ ಅಪರೂಪಕ್ಕೆ ಮೆದುಳು ಒಮ್ಮೆಲೇ ಊದಿಕೊಂಡು ಜೀವಕ್ಕೇ ಬರುತ್ತದೆ. ಹಾಗಾಗುವುದು ಹೆಚ್ಚಾಗಿ ಎಳೆಯ ವಯಸ್ಸಿನವರಿಗೆ. 2011ರಲ್ಲಿ ಉತ್ತರ ಐರ್ಲೆಂಡಿನಲ್ಲಿ 14 ವರ್ಷದ ಹುಡುಗನೊಬ್ಬ ರಗ್ಬಿ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೂ ಆಡುತ್ತಲೇ ಹೋಗಿ ಜೀವ ಕಳೆದುಕೊಂಡ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಹೀಗೇ ಪೆಟ್ಟು ಬಿದ್ದ ಮೇಲೂ ಆಡಿದ 13 ವರ್ಷದ ಹುಡುಗ ಬದುಕಿದ, ಆದರೆ ಮೊದಲಿನಂತೆ ಆಗಲಿಲ್ಲ. ಅವನಿಂದಾಗಿ 2009ರಲ್ಲಿ ಅಲ್ಲಿ ಕಾನೂನು ಬಂತು. ಕನ್ಕಶನ್ ಅನುಮಾನ ಬಂದ ಮಗುವನ್ನು ಆಟದಿಂದ ಹೊರಗೆ ತರಬೇಕು, ವೈದ್ಯಕೀಯ ತಜ್ಞರು ಬರೆದು ಕೊಡುವವರೆಗೆ ಒಳಗೆ ಬಿಡಬಾರದು ಅಂತ. ನಮ್ಮ ಮಕ್ಕಳ ತಲೆಯೂ ಅಷ್ಟೇ ಮೆತ್ತಗಿನದು ಅಲ್ವಾ?

ಇನ್ನು ವಾಪಸ್ ಆಟಕ್ಕೆ ಬರುವ ದಾರಿ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ್ದ ಕ್ರೀಡಾ ವೈದ್ಯರು ಒಪ್ಪಿಕೊಂಡ ಆರು ಮೆಟ್ಟಿಲುಗಳಿವೆ. ಒಂದೊಂದು ಮೆಟ್ಟಿಲಿಗೆ ಕಡಿಮೆ ಅಂದರೂ 24 ಗಂಟೆ. ಜಾಸ್ತಿ ಆದರೆ ಚಿಂತೆ ಇಲ್ಲ. ಅದು ಎಲ್ಲ ಆಟಗಳಿಗೂ ಸೇರಿ ಬರೆದದ್ದು, ಕಬಡ್ಡಿಗೆ ಅಂತ ಯಾರೂ ಬಿಡಿಸಿ ಹೇಳಿರಲಿಲ್ಲ. ಡಾಕ್ಟರನ್ನು ಕೇಳಿ, ಅವಳ ಸರ್ ಜೊತೆ ಕೂತು, ನಾವೇ ಕಬಡ್ಡಿಗೆ ಹೊಂದಿಸಿಕೊಂಡೆವು.

ಮೊದಲನೆಯದು ದಿನದ ಸಣ್ಣಪುಟ್ಟ ಕೆಲಸ, ನಡಿಗೆ. ಎರಡನೆಯದು ಎದೆಬಡಿತ ಏರಿಸುವ ವ್ಯಾಯಾಮ. ಇಲ್ಲಿ ನನಗೆ ಲೆಕ್ಕ ಬೇಕಿತ್ತು. 220ರಲ್ಲಿ ವಯಸ್ಸು ಕಳೆದರೆ ಹೆಚ್ಚೆಂದರೆ ಎಷ್ಟು ಬಡಿತ ಅಂತ ಅಂದಾಜು ಸಿಗುತ್ತದೆ. ಹದಿಮೂರಕ್ಕೆ 207. ಮೊದಲು ಅದರ ಶೇ. 55ರವರೆಗೆ, ಅಂದರೆ ನಿಮಿಷಕ್ಕೆ 114ರ ಹತ್ತಿರ. ತಡೆದುಕೊಂಡರೆ ಆಮೇಲೆ ಶೇ. 70, ಅಂದರೆ 145. ಬೆಳಿಗ್ಗೆ ಆರಕ್ಕೆ ಗೋಳಗುಮ್ಮಟದ ತೋಟದಲ್ಲಿ ಬಿರುಸಾಗಿ ನಡೆಯುವವರ ನಡುವೆ ಅವಳನ್ನು ನಿಲ್ಲಿಸಿ ಮಣಿಕಟ್ಟು ಹಿಡಿದು ಎಣಿಸುತ್ತಿದ್ದೆ. 15 ಸೆಕೆಂಡಿಗೆ 28 ಬಂದರೆ ಸಾಕು, ನಿಲ್ಲು. ಎರಡು ದಿನ ಬಿಟ್ಟು ಮೆಲ್ಲಗೆ ಓಟ, 15 ಸೆಕೆಂಡಿಗೆ 36. ಈ ಹಂತದಲ್ಲಿ ತಲೆನೋವು ಹತ್ತರ ಲೆಕ್ಕದಲ್ಲಿ ಒಂದೆರಡು ಏರಿ ಒಂದು ಗಂಟೆಯೊಳಗೆ ಇಳಿದರೆ ತೊಂದರೆ ಇಲ್ಲ. ಅದಕ್ಕಿಂತ ಜಾಸ್ತಿ ಆದರೆ ಅವತ್ತಿಗೆ ನಿಲ್ಲಿಸಿ, ನಾಳೆ ನೋಡಬೇಕು. ನಮಗೆ ಎರಡು ಸಲ ಹಾಗಾಯಿತು.

ಮೂರನೆಯದು ಒಬ್ಬಳೇ ಮಾಡುವ ಆಟದ ಕೆಲಸ. ಅಂಗಳದಲ್ಲಿ ಸುಣ್ಣದ ಗೆರೆ ಎಳೆದು ಬೋನಸ್ ಗೆರೆಗೆ ಕಾಲು ಚಾಚುವುದು, ತಿರುಗುವುದು, "ಕಬಡ್ಡಿ ಕಬಡ್ಡಿ" ಅನ್ನುತ್ತ 30 ಸೆಕೆಂಡ್ ಉಸಿರು ಹಿಡಿಯುವುದು. ಯಾರೂ ಮುಟ್ಟುವಂತಿಲ್ಲ, ಡೈವ್ ಇಲ್ಲ. ನಾಲ್ಕನೆಯದು ತಂಡದ ಜೊತೆ, ಆದರೆ ಹಿಡಿತ ಇಲ್ಲದೆ. ರೈಡರ್ ಬರುತ್ತಾಳೆ, ಇವಳು ಜಾಗ ಬದಲಿಸುತ್ತಾಳೆ, ಅಷ್ಟೇ. ಐದನೆಯದು ಪೂರ್ತಿ ಕ್ಯಾಚ್ ಇರುವ ಪ್ರಾಕ್ಟೀಸು. ಆರನೆಯದು ಪಂದ್ಯ.

ನಾಲ್ಕನೇ ಮೆಟ್ಟಿಲಿಗೆ ಹೋಗುವ ಮೊದಲು ಡಾಕ್ಟರು ನೋಡಲೇಬೇಕು. ಅಲ್ಲಿಂದ ಮುಂದೆ ತಲೆನೋವು, ತಲೆಸುತ್ತು ಸ್ವಲ್ಪ ಬಂದರೂ ಮೂರಕ್ಕೆ ವಾಪಸ್. ನಮ್ಮ ಡಾಕ್ಟರು ಬ್ರಿಟನ್ನಿನಲ್ಲಿ 2023ರಲ್ಲಿ ಬಂದ ಮಾರ್ಗಸೂಚಿಯ ಗಡುವನ್ನೂ ಹಿಡಿದರು. ಸುಮ್ಮನೆ ಕೂತಾಗ ಯಾವ ತೊಂದರೆಯೂ ಇಲ್ಲದೆ 14 ದಿನ ಕಳೆಯಬೇಕು, ಆಮೇಲಷ್ಟೇ ಮೈಗೆ ಮೈ ತಾಗುವ ಪ್ರಾಕ್ಟೀಸಿನ ಮಾತು. ಪೆಟ್ಟು ಬಿದ್ದು 21 ದಿನದೊಳಗೆ ಪಂದ್ಯ ಇಲ್ಲವೇ ಇಲ್ಲ.

ನಮ್ಮ ಜಿಲ್ಲಾ ಮಟ್ಟದ ಪಂದ್ಯ ಹದಿನಾರನೇ ದಿನ ಇತ್ತು.

ಮನೆಯಲ್ಲಿ ಜಗಳ ಆಯಿತು. ಆ ಹೊತ್ತಿಗೆ ನಾಲ್ಕು ದಿನದಿಂದ ತಲೆನೋವು ಸೊನ್ನೆ ಇತ್ತು, ಈ ಸಲ ಖರೇ ಸೊನ್ನೆ. ನಮ್ಮನೆಯವರು "ಬರೇ ಅರ್ಧ ಮ್ಯಾಚ್ ಆಡಲಿ, ಹಿಡಿಯಾಕ ಹೋಗೋದು ಬ್ಯಾಡ" ಅಂದರು. ಎಡ ಮೂಲೆಯಲ್ಲಿ ನಿಂತವಳು ಪಾದ ಹಿಡಿಯದೆ ಇರುತ್ತಾಳಾ? ಅವಳ ಮೈಯೇ ಹೋಗಿ ಬೀಳುತ್ತದೆ. ನಾನು ಬಿಡಲಿಲ್ಲ. ಮಗಳು ಅತ್ತಳು. ತಂಡದ ಟಿ-ಶರ್ಟ್ ಹಾಕಿಕೊಂಡು, ಜೊತೆಯವರಿಗೆ ನೀರಿನ ಬಾಟಲಿ ಹಿಡಿದು ಹೊರಗೆ ಕೂತಳು. ತಂಡ ಎರಡು ಪಾಯಿಂಟ್‌ಗೆ ಸೋತಿತು. ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಪಕ್ಕ ಕೂರಲಿಲ್ಲ. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಜಡೆಯನ್ನೂ ಅಜ್ಜಿ ಕೈಯಲ್ಲೇ ಹಾಕಿಸಿಕೊಂಡಳು. ಬಹಳ ನೋವಾಯಿತು. ಆದರೆ ಮತ್ತೆ ಆ ದಿನ ಬಂದರೂ ಅದನ್ನೇ ಮಾಡುತ್ತೇನೆ.

ಇಪ್ಪತ್ತಾರನೇ ದಿನ ಡಾಕ್ಟರ ಹತ್ತಿರ ಹೋದೆವು. ಮೊದಲ ರಾತ್ರಿ ಅವರು ತಿಂಗಳುಗಳನ್ನು ಹಿಂದಿನಿಂದ ಹೇಳು ಅಂದಿದ್ದರು. ಡಿಸೆಂಬರ್, ನವೆಂಬರ್ ಅಂದವಳು ಅಕ್ಟೋಬರ್ ಹತ್ತಿರ ನಿಂತು, ನನ್ನ ಮುಖ ನೋಡಿ, ಮತ್ತೆ ನವೆಂಬರ್ ಅಂದಿದ್ದಳು. ಎಂಟನೇ ಕ್ಲಾಸಿನ ಹುಡುಗಿ. ಆ ನೋಟ ಮರೆಯಲು ಆಗಿಲ್ಲ ನನಗೆ. ಈ ಸಲ ಜನವರಿವರೆಗೆ ಒಂದೇ ಉಸಿರಿಗೆ, ರೈಡಿಗೆ ಹೋದಂತೆ ಹೇಳಿ ಮುಗಿಸಿದಳು. ಒಂದು ಪಾದದ ಹಿಮ್ಮಡಿಯ ಹಿಂದೆ ಇನ್ನೊಂದು ಪಾದ ಇಟ್ಟು, ಸೊಂಟದ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ 20 ಸೆಕೆಂಡ್ ನಿಂತಳು. ಅಲುಗಾಡಲಿಲ್ಲ. ಡಾಕ್ಟರು ಚೀಟಿ ಬರೆದುಕೊಟ್ಟರು.

ಎಲ್ಲ ಮಕ್ಕಳಿಗೂ ಇಷ್ಟೇ ದಿನ ಅಂತ ತಿಳಿಯಬೇಡಿ. ಹೆಚ್ಚಿನ ಮಕ್ಕಳು ನಾಲ್ಕು ವಾರದೊಳಗೆ ಸರಿಹೋಗುತ್ತಾರೆ. ಮೊದಲೂ ಪೆಟ್ಟು ಬಿದ್ದಿದ್ದರೆ, ಮೈಗ್ರೇನ್ ಇದ್ದರೆ ಜಾಸ್ತಿ ಹಿಡಿಯಬಹುದು. ನಾಲ್ಕು ವಾರ ದಾಟಿದರೂ ತಲೆನೋವು, ಮರೆವು, ನಿದ್ದೆ ಕೆಡುವುದು ಉಳಿದಿದ್ದರೆ ಮತ್ತೆ ತೋರಿಸಲೇಬೇಕು.

ಅವಳ ಸರ್ ಬಗ್ಗೆ ನನಗೆ ಸಿಟ್ಟಿತ್ತು, ಈಗ ಇಲ್ಲ. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ತಲೆಗೆ ಪೆಟ್ಟು ಬಿದ್ದ ಹುಡುಗಿ ಅವತ್ತು ಮತ್ತೆ ಅಂಕಣಕ್ಕೆ ಇಳಿಯಂಗಿಲ್ಲ ಅಂತ ಅವರೇ ನಿಯಮ ಮಾಡಿದ್ದಾರೆ. ಪಾದ ಹಿಡಿಯುವಾಗ ತಲೆ ಬಗ್ಗಿಸಿ ನುಗ್ಗಬೇಡ, ಗಲ್ಲ ಎತ್ತು, ತಲೆ ಮೊಣಕಾಲಿನ ದಾರಿಯಿಂದ ಹೊರಗಿರಲಿ ಅಂತ ಮೊದಲಿನಿಂದ ಕಲಿಸಿದರು.

ಮೂವತ್ತನೇ ದಿನ ಐದನೇ ಮೆಟ್ಟಿಲು. ನಾನು ಮಷೀನು ಮುಚ್ಚಿಟ್ಟು ಮೈದಾನಕ್ಕೆ ಹೋಗಿದ್ದೆ. ಮಣ್ಣಿಗೆ ನೀರು ಚಿಮುಕಿಸಿದ್ದರು. ಮೊದಲ ರೈಡರ್ ಬಂದಳು, ತಿರುಗಿದಳು, ಇವಳು ಬಿದ್ದು ಪಾದ ಹಿಡಿದಳು. ಮೇಲೆ ನಾಲ್ಕು ಜನ ಬಿದ್ದರು. ನಾನು ಎದ್ದು ನಿಂತಿದ್ದೆ. ರಾಶಿಯ ಕೆಳಗಿನಿಂದ ಇವಳು ಎದ್ದಳು, ಮೊಣಕೈ ಮಣ್ಣು ಕೊಡವಿದಳು. ಹೀಗೆ ಆರು ಕ್ಯಾಚ್ ಆದವು.

ಮನೆಗೆ ಬಂದು ಎಣ್ಣೆ ಬಟ್ಟಲು ತಾನೇ ತಂದು ನನ್ನ ಮುಂದೆ ಕೂತಳು. ಜಡೆ ಬಿಚ್ಚಿದೆ. ನಾನಿನ್ನೂ ಏನೂ ಕೇಳಿರಲಿಲ್ಲ.

"ಅವ್ವಾ, ಇವತ್ತ ಎರಡು" ಅಂದಳು. "ಕಡೀ ಕ್ಯಾಚ್ ಆದಮ್ಯಾಲ ಶುರು ಆತು. ಪೆಟ್ಟ ಬಿದ್ದಿಲ್ಲ."

"ನಾಳೆ ಡಾಕ್ಟರಿಗೆ ಫೋನ್ ಮಾಡ್ತೀನಿ. ಕ್ಯಾಚ್ ಬ್ಯಾಡ ನಾಳೆ" ಅಂದೆ.

"ಗೊತ್ತೈತಿ. ಮೂರಕ್ಕ ವಾಪಸ್" ಅಂದಳು. ಅಳಲಿಲ್ಲ. ಪಕ್ಕದಲ್ಲಿದ್ದ ಅಳತೆ ಪುಸ್ತಕ ಎಳೆದುಕೊಂಡು, ಪೆನ್ಸಿಲ್ ತಗೊಂಡು, ಯಾರದ್ದೋ ತೋಳಿನ ಅಳತೆಯ ಪಕ್ಕ ತಾನೇ 2 ಅಂತ ಬರೆದಳು.